ಮೊಳೆಗೆ ನೇತುಹಾಕಿದ ಹಗ್ಗ ಮತ್ತು ಮೇಡಂ ಅವರ ಟರ್ಬೊ ಕಾರು

ಬಾನೆಟ್ ಎತ್ತಿದ ಮೇಲೆ ನಗು ಬರದೇ ಇದ್ದ ಕೆಲಸ ಈ ಹದಿನೆಂಟು ವರ್ಷದಲ್ಲಿ ನನಗೆ ಸಿಕ್ಕಿಲ್ಲ. ತೊಂದರೆ ಏನೆಂದರೆ ನಗು ಬರುವುದು ಮಾರನೇ ದಿನ, ಅವತ್ತಿಗೆ ಬರುವುದು ಬೆವರು. ಒಂದೇ ಕಾರು ನನ್ನನ್ನು ಎಷ್ಟು ಸಲ ಬೆವರಿಸಿತು ಅನ್ನೋದನ್ನ ಹೇಳ್ತೀನಿ, ಕೇಳಿ.

ಶಿರಾದಲ್ಲಿ ನಮ್ಮದೊಂದು ಗ್ಯಾರೇಜು. ನಮ್ಮದು ಅಂದರೆ ನನ್ನ ಉಸ್ತಾದರದು. ನನಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದವರು ಅವರೇ. ಅವರು ಇಂಜಿನ್ನನ್ನು ಕಣ್ಣಿಂದ ನೋಡುವವರಲ್ಲ, ಕಿವಿಯಿಂದ. ಗ್ಯಾರೇಜಿನ ಬಾಗಿಲ ಪಕ್ಕದ ಮೊಳೆಗೆ ಗಾಡಿ ಎಳೆಯುವ ಹಗ್ಗವೊಂದನ್ನು ನೇತುಹಾಕಿದ್ದರು. ನಾನು ಸೇರಿದಾಗಲಿಂದ ಅದರ ಗಂಟು ಬಿಚ್ಚಿದ್ದು ನೋಡಿಲ್ಲ. ನಮ್ಮ ಬಾಗಿಲಿಂದ ಒಂದು ಗಾಡೀನೂ ಹಗ್ಗ ಕಟ್ಟಿಸ್ಕೊಂಡು ಆಚೆ ಹೋಗಿಲ್ಲ ಅನ್ನೋದು ಅವರ ದೊಡ್ಡ ಹೆಮ್ಮೆ.

ಕಳೆದ ವರ್ಷ ನಾನು ತುಮಕೂರಿಗೆ ಹೋಗಿ ಲ್ಯಾಪ್‌ಟಾಪ್ ಸಿಕ್ಕಿಸಿ ಇಂಜಿನ್ನಿನ ಶಕ್ತಿ ಹೆಚ್ಚಿಸುವುದನ್ನು ಕಲಿತು ಬಂದೆ. ಮೊದಲ ಗಿರಾಕಿ ಹೈಸ್ಕೂಲಿನ ಹೆಡ್‌ಮಿಸ್ಸು. ದಿನಾ ಶಿರಾದಿಂದ ಮಧುಗಿರಿ ದಾಟಿ ಪಾವಗಡ ರಸ್ತೆಯ ಸ್ಕೂಲಿಗೆ ಓಡಾಡುವವರು. ಅವರದು ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು. ಏರಿನಲ್ಲಿ ಕಲ್ಲು ಲಾರಿ ಹಿಂದೆ ಹಾಕೋಣ ಅಂತ ಒತ್ತಿದರೆ ಕಾರು ಕೂತು ಯೋಚನೆ ಮಾಡುತ್ತೆ, ಧೂಳು ಕುಡಿದು ಕುಡಿದು ಸಾಕಾಗಿದೆ ಅಂದರು.

ಉಸ್ತಾದರು ನನ್ನನ್ನು ಪಕ್ಕಕ್ಕೆ ಕರೆದರು. "ಈ ಗಾಡಿ ನಿಂದು ಬೇಟಾ, ನಾನು ಕೈ ಹಾಕಲ್ಲ. ಸರಿ ಮಾಡಿದ್ರೆ ಬೀಗದ ಕೈ ನಿಂಗೆ ಕೊಟ್ಟು ಮನೇಲಿ ಕೂತ್ಕೋತೀನಿ. ಇದು ಹಗ್ಗ ಕಟ್ಕೊಂಡು ಆಚೆ ಹೋಯ್ತೋ, ಅಳಿಯನ ಆಸೆ ಈಡೇರ್ತದೆ."

ಉಸ್ತಾದರ ಅಳಿಯನಿಗೆ ನಮ್ಮ ಶೆಡ್ಡಿನಲ್ಲಿ ಬೇಕರಿ ಹಾಕುವ ಆಸೆ. ನನಗೆ ಈ ಶೆಡ್ಡು ಬಿಟ್ಟರೆ ಬೇರೆ ಗತಿಯಿಲ್ಲ.

ಗೇಟ್ ಕಾಯೋನು

ನಾನು ಏನು ಮಾಡ್ತೀನಿ ಅಂತ ಮೇಡಂ ಕೇಳಿದರು. ಇಂಜಿನ್ನಿಗೆ ಗಾಳಿ ಒಳಗೆ ಹೋಗೋಕೆ, ಹೊಗೆ ಆಚೆ ಬರೋಕೆ ವಾಲ್ವ್ ಅನ್ನೋ ಬಾಗಿಲುಗಳಿವೆ, ಹಳೇ ಗಾಡಿಯಲ್ಲಿ ಅವು ತೆರೆಯೋ ಹೊತ್ತು ಯಾವಾಗಲೂ ಒಂದೇ, ನಿಮ್ಮ ಕಾರಿನಲ್ಲಿ ಅದನ್ನ ಹಿಂದೆ ಮುಂದೆ ಮಾಡಬಹುದು ಅಂದೆ. ನಿಧಾನಕ್ಕೆ ಹೋಗುವಾಗ ಗಾಳಿ ಬಾಗಿಲು ಸ್ವಲ್ಪ ಬೇಗ ತೆರೆದರೆ ಗಾಳಿ ಒತ್ತಿ ತುಂಬೋ ಟರ್ಬೊ ಬೇಗ ಎದ್ದೇಳುತ್ತೆ, ಜೋರಾಗಿ ಹೋಗುವಾಗಲೂ ಹಾಗೇ ಬಿಟ್ಟರೆ ಕೆಡುತ್ತೆ.

ಮೇಡಂ ತಲೆಯಾಡಿಸಿದರು. "ನಮ್ಮ ಸ್ಕೂಲ್ ಗೇಟ್ ಇದ್ದಂಗೆ ಅನ್ನಿ. ಬೆಳಿಗ್ಗೆ ಬೇಗ ತೆಗೀಬೇಕು, ಬಸ್ಸಿನ ಮಕ್ಕಳು ಬರ್ತಾರೆ. ಊಟ ಆದ್ಮೇಲೂ ತೆಗೆದೇ ಇಟ್ರೆ ಒಳಗಿದ್ದೋರೂ ಆಚೆ ಹೋಗ್ಬಿಡ್ತಾರೆ."

ತುಮಕೂರಿನಲ್ಲಿ ನನಗೆ ಒಂದು ತಿಂಗಳು ಹಿಡಿದದ್ದು ಈಯಮ್ಮನಿಗೆ ಒಂದು ನಿಮಿಷಕ್ಕೆ ಅರ್ಥವಾಯಿತು. ಸ್ಟೂಲಿನ ಮೇಲೆ ಚಾ ಕುಡಿಯುತ್ತಿದ್ದ ಉಸ್ತಾದರು ಮಧ್ಯೆ ಬಾಯಿ ಹಾಕಿದರು. ಟೈಮು ಬರೆದುಕೊಟ್ಟರೆ ಆಯಿತಾ, ಗೇಟ್ ಕಾಯೋನು ಎದ್ದವನಾ ಇಲ್ಲ ಮಲಗವನಾ ಅಂತ ನೋಡಬೇಡವಾ ಅಂದರು. ನಾನು ಹೊಟ್ಟೆ ಹಿಡಿದು ನಕ್ಕೆ. ಇದರಲ್ಲಿ ಕಾಯೋನು ಯಾರೂ ಇಲ್ಲ ಉಸ್ತಾದ್, ಎಲ್ಲಾ ಕಂಪ್ಯೂಟ್ರು ಅಂದೆ. ಆ ನಗು ಮೂರೇ ದಿನ ಬಾಳಿತು.

ನೀರಿನಂಥ ಎಣ್ಣೆ

ಮೂರು ದಿನ ಲ್ಯಾಪ್‌ಟಾಪಿನ ಮುಂದೆ ಕೂತು ಅಂಕಿ ಬದಲಾಯಿಸಿದೆ. ಕಾರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಐದು ಡಿಗ್ರಿ ಮುಂದೆ ಅಂದೆ, ಹತ್ತು ಅಂದೆ, ಹದಿನೈದು ಅಂದೆ. ಮೂರನೇ ದಿನ ಸಿಟ್ಟಿಗೆ ಕಾರಿನ ಟೈರಿಗೆ ಒದ್ದು ನನ್ನ ಹೆಬ್ಬೆರಳನ್ನೇ ಉಳುಕಿಸಿಕೊಂಡೆ.

ನಾಲ್ಕನೇ ದಿನ ಉಸ್ತಾದರು ಕುಂಟುತ್ತಿದ್ದ ನನ್ನನ್ನು ನೋಡಲಾರದೆ ಎದ್ದು ಬಂದರು. ಕೈ ಹಾಕಲ್ಲ ಅಂದಿದ್ದೆ, ಎರಡು ಬೆರಳು ಹಾಕ್ತೀನಿ ಅಂದು ಎಣ್ಣೆ ನೋಡುವ ಕಡ್ಡಿ ಎಳೆದು ಬೆರಳ ನಡುವೆ ಉಜ್ಜಿದರು. ಇದು ಇಂಜಿನ್ ಆಯಿಲ್ಲಾ ಬೆಲ್ಲದ ಪಾಕವಾ ಅಂತ ಕೇಳಿದರು. ಆ ಬಾಗಿಲ ಹೊತ್ತು ಬದಲಾಯಿಸುವ ಚಕ್ರ ತಿರುಗುವುದೇ ಎಣ್ಣೆಯ ಒತ್ತಡದಿಂದ. ತೆಳ್ಳಗಿನ ಎಣ್ಣೆ ಬೇಕು. ಈ ಪಾಕದಲ್ಲಿ ಅದು ಅಲ್ಲಾಡುತ್ತಲೇ ಇರಲಿಲ್ಲ. ಗೇಟ್ ಕಾಯೋನು ಇದ್ದ, ಗಡದ್ದಾಗಿ ನಿದ್ದೆ ಹೊಡೀತಿದ್ದ.

ಈ ಎಣ್ಣೆ ಹಾಕಿದ್ದು ಯಾರು ಅಂತ ಫೋನ್ ಮಾಡಿ ಕೇಳಿದರೆ ಮೇಡಂ ತಮ್ಮ ಅಪ್ಪನನ್ನೇ ಕಳಿಸಿದರು. ಹುಲಿಕುಂಟೆ ಕಡೆಯ ಕುರಿ ಯಜಮಾನರು. ತಪ್ಪು ಒಪ್ಪಿಕೊಳ್ಳೋಕೆ ಬಂದಿದ್ದಾರೆ ಅಂದುಕೊಂಡರೆ ಅವರು ಬಂದದ್ದು ಹೊಗಳಿಸಿಕೊಳ್ಳೋಕೆ.

"ಅಂಗ್ಡಿಯೋನು ಕೊಟ್ಟಿದ್ದು ನೀರ್ ನೀರಂಗಿತ್ತು ಕಣಪ್ಪಾ. ಬೆರಕೆ ಮಾಡವ್ನೆ ಅಂದ್ಕಂಡು ಅದುನ್ನ ಎತ್ತಿಟ್ಟು, ನಮ್ ಟ್ರ್ಯಾಕ್ಟ್ರುಗೆ ಹಾಕೋ ಎಣ್ಣೇನೇ ಹಾಕ್ಬುಟ್ಟೆ. ಮಗಳು ಓಡ್ಸೋ ಗಾಡಿ, ಗಟ್ಟಿಯಾಗಿರ್ಲಿ ಅಂತ."

ಎತ್ತಿಟ್ಟ ಆ ದುಬಾರಿ ಎಣ್ಣೆ ಎಲ್ಲಿ ಅಂತ ಕೇಳಿದೆ. ಕುರಿ ಉಣ್ಣೆ ಕತ್ತರಿಸೋ ಕತ್ತರಿಗೆ ಹಚ್ಚವ್ನಿ, ಊರಿನೋರೆಲ್ಲ ಬಂದು ಈಸ್ಕೊಂಡು ಹೋಗ್ತಾವ್ರೆ, ಕತ್ತರಿ ಬೆಣ್ಣೆ ಮೇಲೆ ಹೋದಂಗೆ ಹೋಗ್ತದೆ ಅಂದರು. ಟರ್ಬೊ ಶಕ್ತಿ ಬಂದಿತ್ತು, ಕಾರಿಗಲ್ಲ, ಕತ್ತರಿಗಳಿಗೆ.

ಕುಟ್ಟುವ ಸದ್ದು

ಸರಿಯಾದ ಎಣ್ಣೆ ಬಿದ್ದ ಮೇಲೆ ಕಾರು ನನ್ನ ಮಾತು ಕೇಳತೊಡಗಿತು. ಹುಚ್ಚು ಅಂಕಿಗಳನ್ನೆಲ್ಲ ಅಳಿಸಿ ಹದವಾಗಿ ಹಾಕಿ, ಏರಿನಲ್ಲಿ ನೋಡೋಣ ಅಂತ ಹೊರಟೆವು. ಮೇಡಂ ಓಡಿಸುತ್ತಿದ್ದರು. ಪಕ್ಕದಲ್ಲಿ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು, ಹಿಂದಿನ ಸೀಟಿನಲ್ಲಿ ಅವರ ಅಪ್ಪ. ಹುಲಿಕುಂಟೆಗೆ ಅವರನ್ನೂ ಬಿಟ್ಟ ಹಾಗಾಗುತ್ತೆ ಅಂತ ಲೆಕ್ಕ. ನಾನು ವೈರು ಸಿಕ್ಕಿಸುತ್ತಿದ್ದಾಗ ಯಜಮಾನರು ನಂದೂ ಒಂದು ಲಗೇಜೈತೆ ಅಂದು ಡಿಕ್ಕಿಯಲ್ಲಿ ಏನೋ ಇಟ್ಟರು. ನಾನು ತಲೆ ಎತ್ತಲಿಲ್ಲ.

ಏರಿನಲ್ಲಿ ಮೇಡಂ ಒತ್ತಿದರು. ಕಾರು ಜುಮ್ ಅಂತ ಎದ್ದಿತು. ಹಿಂದೆಯೇ ಟಕ್ ಅಂತ ಸದ್ದು. ಟರ್ಬೊ ಇಂಜಿನ್ ಒಳಗೊಳಗೇ ಕುಟ್ಟತೊಡಗಿದರೆ ಪಿಸ್ಟನ್ ಹೋಯಿತು ಅಂತಲೇ. ಲ್ಯಾಪ್‌ಟಾಪ್ ಮಾತ್ರ ಏನೂ ಇಲ್ಲ ಅನ್ನುತ್ತಿತ್ತು. ಉಸ್ತಾದರ ಶಿಷ್ಯ ನಾನು, ಕಿವಿ ನಂಬದೆ ಲ್ಯಾಪ್‌ಟಾಪ್ ನಂಬ್ತೀನಾ? ಶಕ್ತಿ ಸ್ವಲ್ಪ ಇಳಿಸಿದೆ. ಮತ್ತೆ ಒತ್ತಿದರೆ ಮತ್ತೆ ಟಕ್. ಇನ್ನಷ್ಟು ಇಳಿಸಿದೆ. ಇಳಿಸಿ ಇಳಿಸಿ ಕಾರು ಮೊದಲಿಗಿಂತ ಬಡವಾಯಿತು. ಒಂದು ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿಕೊಂಡು ಹೋಯಿತು.

ಕೊನೆಗೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿಸಿ, ಬಾನೆಟ್ ಎತ್ತಿ ಕಿವಿ ಕೊಟ್ಟೆ. ಇಂಜಿನ್ ನಿಂತ ಮೇಲೂ ಟಕ್ ಅಂತು. ಓಡಿ ಹೋಗಿ ಡಿಕ್ಕಿ ತೆಗೆದರೆ, ಗೋಣಿಚೀಲದ ಮೇಲೆ ದಪ್ಪ ಕೊಂಬಿನ ಟಗರೊಂದು ನನ್ನನ್ನೇ ನೋಡುತ್ತಾ ನಿಂತಿತ್ತು.

ಯಜಮಾನರು ತಣ್ಣಗೆ ಹೇಳಿದರು, "ಸಂತೇಲಿ ತಗಂಡೆ ಕಣಪ್ಪಾ. ಸ್ಪೀಡಾದ್ರೆ ಅದುಕ್ಕಾಗಕಿಲ್ಲ, ಗುದ್ತದೆ."

ಗ್ಯಾರೇಜಿಗೆ ಬಂದು ಹೇಳಿದರೆ ಉಸ್ತಾದರು ನಗಲಿಲ್ಲ, ಬೆನ್ನು ತಟ್ಟಿದರು. ಕಿವಿ ಸರಿಯಾಗೇ ಕೇಳೈತೆ ಬೇಟಾ, ಮುಂದಿಂದಾ ಹಿಂದಿಂದಾ ಅಂತ ಕೇಳೋದು ಒಂದು ಬಾಕಿ ಅಂದರು.

ಖಾಲಿ ಮೊಳೆ

ಅಂಕಿಗಳನ್ನು ಮತ್ತೆ ಸರಿ ಮಾಡಿ ಕಾರು ಕೊಟ್ಟು ಕಳಿಸಿದೆ. ಎರಡು ವಾರ ಮೇಡಂ ಖುಷಿಯಾಗಿ ಓಡಿಸಿದರು. ಉಸ್ತಾದರು ಮಾತ್ರ ಬೀಗದ ಕೈ ವಿಷಯ ಎತ್ತಲೇ ಇಲ್ಲ.

ಒಂದು ದಿನ ಬೆಳಿಗ್ಗೆ ಬಂದರೆ ಮೊಳೆ ಖಾಲಿ. ಹಗ್ಗ ಇಲ್ಲ, ಉಸ್ತಾದರ ಹಳೇ ಡೀಸೆಲ್ ಜೀಪೂ ಇಲ್ಲ. ಮೇಡಂ ಕಾರು ದಾರಿಯಲ್ಲಿ ಕೈ ಕೊಟ್ಟಿದೆ, ಎಳೆದು ತರೋಕೆ ಹೋಗಿದ್ದಾರೆ ಅಂದುಕೊಂಡೆ. ಇಬ್ಬರಿಗೂ ಫೋನ್ ಮಾಡಿದೆ, ಇಬ್ಬರೂ ಎತ್ತಲಿಲ್ಲ. ಮಧ್ಯಾಹ್ನ ಅಳಿಯ ಬಂದು ಮೊಳೆ ನೋಡಿ, ಟೇಪು ತೆಗೆದು ಒಲೆ ಇಡೋಕೆ ಗೋಡೆ ಅಳೆಯತೊಡಗಿದ. ಪಾಪ, ಟೇಪಿನ ಇನ್ನೊಂದು ತುದಿ ಹಿಡ್ಕೊಳ್ಳಿ ಅಂದ. ನಾನು ಹಿಡಿದುಕೊಂಡೆ.

ಸಂಜೆ ಐದರ ಹೊತ್ತಿಗೆ ಹಾರನ್ ಕೇಳಿ ಆಚೆ ಬಂದೆ. ಮೇಡಂ ಕಾರು ಬರುತ್ತಿತ್ತು, ತನ್ನ ಕಾಲ ಮೇಲೆ ತಾನೇ. ಅದರ ಹಿಂದೆ ಹಗ್ಗ. ಹಗ್ಗದ ತುದಿಗೆ ಉಸ್ತಾದರ ಜೀಪು. ಜೀಪಿನೊಳಗೆ ಸ್ಟೇರಿಂಗ್ ಹಿಡಿದು ಮದುಮಗನ ಹಾಗೆ ಉಸ್ತಾದರು.

ಮೇಡಂ ಮುಖ ಅರಳಿತ್ತು. ಸ್ಕೂಲಿಂದ ಬರ್ತಾ ಮಧುಗಿರಿ ಈಚೆ ಏರಿನಲ್ಲಿ ಇವರು ಕೈ ತೋರಿಸಿ ನಿಲ್ಲಿಸಿದರು, ಇಷ್ಟು ಭಾರ ಎಳೆಯುತ್ತೋ ಇಲ್ಲವೋ ಅಂದುಕೊಂಡೆ, ಏರೆಲ್ಲಾ ಸಲೀಸಾಗಿ ಹತ್ತಿತು ಅಂದರು. ಒಂದು ಕಲ್ಲು ಲಾರೀನೂ ಹಿಂದೆ ಹಾಕುವವರಿದ್ದರಂತೆ, ಉಸ್ತಾದರು ಹಿಂದಿನಿಂದ ಬೊಬ್ಬೆ ಹೊಡೆದರು ಅಂತ ಬಿಟ್ಟರಂತೆ.

ಅಳಿಯ ಟೇಪು ಸುತ್ತುತ್ತಾ, ಮೊಳೆಯಿಂದ ಹಗ್ಗ ಬಿಚ್ಚಿದ್ದಾಯ್ತಲ್ಲ, ಮಾತು ಅಂದ್ರೆ ಮಾತೇ ಅಲ್ಲವಾ ಅಂದ. ಆಚೆ ಹೋಗೋ ಗಾಡಿಗೆ ಅಂದಿದ್ದೆ, ಇದು ಒಳಗೆ ಬಂದೈತೆ ಅಂದರು ಉಸ್ತಾದರು.

ಜೀಪಿಗೆ ಏನಾಯಿತು ಅಂತ ಬಾನೆಟ್ ಎತ್ತಿದೆ. ಏನೂ ಆಗಿರಲಿಲ್ಲ. ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟೆ, ಒಂದು ತೊಟ್ಟು ಡೀಸೆಲ್ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ಟ್ಯಾಂಕಿಗೆ ಕಡ್ಡಿ ಹಾಕಿ ನೋಡದೆ ಈ ಮನುಷ್ಯ ಜೀಪು ಆಚೆ ತೆಗೆದದ್ದಿಲ್ಲ.

"ಡೀಸೆಲ್ ಖಾಲಿ ಅಂತ ಗೊತ್ತಿದ್ದೂ ಕ್ಯಾನ್ ಬಿಟ್ಟು ಹಗ್ಗ ತಗೊಂಡು ಹೋದ್ರಾ ಉಸ್ತಾದ್?"

ಅವರು ಬೀಗದ ಕೈಯನ್ನು ನನ್ನ ಜೇಬಿಗೆ ಹಾಕಿದರು. ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಇಷ್ಟು ದೊಡ್ಡ ಉಪಕಾರವನ್ನು ಇಷ್ಟು ಕಳ್ಳತನದಿಂದ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

"ಕ್ಯಾನ್ ತಗೊಂಡು ಹೋಗಿದ್ರೆ," ಅಂದರು, "ನಿನ್ನ ಗಾಡಿ ಎಳೆಯುತ್ತೋ ಇಲ್ವೋ ಅಂತ ನಂಗೆ ಹೆಂಗೆ ಗೊತ್ತಾಗ್ತಿತ್ತು ಬೇಟಾ? ಆಮೇಲೆ ಮೇಡಂ ಕಾರಿನ ಡಿಕ್ಕಿ ಒಂದ್ಸಲ ತೆಗಿ. ದಾರೀಲೆಲ್ಲಾ ಟಕ್ ಟಕ್ ಅಂತಿತ್ತು."