ಹಿಂಪಡೆದ ಅಧ್ಯಕ್ಷರ ತೂಕ

ನನ್ನ ಅಜ್ಜ ಅಳತೆ ಮತ್ತು ತೂಕ ಪ್ರಾಧಿಕಾರದ ಅಧ್ಯಕ್ಷ ಪದವಿಯನ್ನು ಹುಲ್ಲುಕಡ್ಡಿಗೆ ಸಮಾನವೆಂದು ಬಗೆದು ರಾಜ್ಯಪಾಲರ ಮುಖದ ಮೇಲೆ ಎಸೆದು ಬಂದರೆಂಬುದು ನಮ್ಮ ವಂಶದ ಅಧಿಕೃತ ಇತಿಹಾಸ. ಚಿಕ್ಕಂದಿನಲ್ಲಿ ಈ ಕಥೆಯನ್ನು ಅಜ್ಜನ ಬಾಯಿಂದಲೇ ಅನೇಕ ಸಲ ಕೇಳಿದ್ದೇನೆ. ಕೇಳಿದ ಸ್ಥಳ, ಸದರಿ ಅಧ್ಯಕ್ಷರಿಗೆಂದೇ ಮೀಸಲಾದ ಸರ್ಕಾರಿ ಬಂಗಲೆಯ ವರಾಂಡ. ಎಸೆದ ಪದವಿಯ ಜೊತೆಗೆ ಬಂಗಲೆಯೂ ಏಕೆ ಹೋಗಲಿಲ್ಲವೆಂದು ಒಮ್ಮೆ ಕೇಳಿದಾಗ, "ಊಟ ಮಾಡೋವಾಗ ಮಕ್ಕಳು ಮಾತಾಡಬಾರದು" ಎಂದು ಅಜ್ಜಿ ಗದರಿದಳು. ಆಗ ನಾನು ಊಟ ಮಾಡುತ್ತಿರಲಿಲ್ಲ.

ದೊಡ್ಡವಳಾದ ಮೇಲೆ ಅಜ್ಜಿಯನ್ನೂ ನನ್ನ ತಾಯಿಯನ್ನೂ ಪ್ರಾಧಿಕಾರದ ನಿವೃತ್ತ ನೌಕರರನ್ನೂ ಬೇರೆಬೇರೆಯಾಗಿ ವಿಚಾರಿಸಿದೆ. ಎಲ್ಲರ ಮಾತಿನಲ್ಲೂ ತಾಳೆಯಾದ ಅಂಶಗಳನ್ನು ಮಾತ್ರ ಇಲ್ಲಿ ದಾಖಲಿಸುತ್ತಿದ್ದೇನೆ.

ಅಜ್ಜ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಅಳತೆಪಟ್ಟಿ ಮುಟ್ಟದೆ ಕಣ್ಣಂದಾಜಿನಲ್ಲೇ ನೇರ ಗೆರೆ ಎಳೆಯುವುದು ಅವರ ಹೆಮ್ಮೆ. ಸಂಜೆ ರಾಜ್ಯಪಾಲರೊಡನೆ ಚದುರಂಗವಾಡಿ ಸೋಲುವುದು ಅವರ ಹವ್ಯಾಸ. ಯಾರು ಬೇಕಾದರೂ ಸೋಲಬಹುದು. ಆದರೆ ಗೆದ್ದವರಿಗೆ ತಾವು ಬೆವರು ಸುರಿಸಿ ಗೆದ್ದೆವೆಂಬ ತೃಪ್ತಿ ಉಳಿಯುವಂತೆ ಸೋಲುವುದಕ್ಕೆ ಪ್ರತಿಭೆ ಬೇಕು. "ಇಷ್ಟು ತೂಗಿ ಅಳೆದು ಆಡೋರು ತೂಕದ ಇಲಾಖೆಯಲ್ಲಿ ಇರಬೇಕು ಕಣ್ರೀ" ಎಂದ ರಾಜ್ಯಪಾಲರು, ಆಡಿದಂತೆಯೇ ಅಜ್ಜನನ್ನು ನೇಮಿಸಿಬಿಟ್ಟರು.

ಸುದ್ದಿ ಕಿವಿಗೆ ಬಿದ್ದ ಕೂಡಲೇ ಅಜ್ಜಿ ಬಾಡಿಗೆಯ ಎರಡು ಕೋಣೆಗಳನ್ನು ಖಾಲಿ ಮಾಡಿದಳು. ಮನೆಯೊಡೆಯ ಗೋಡೆಗೆ ಸುಣ್ಣ ಹೊಡೆದು, ಸುಣ್ಣ ಆರುವ ಮುಂಚೆ ಬೇರೆಯವರನ್ನು ಕೂರಿಸಿದ. ಅಜ್ಜಿ, ಅಜ್ಜ, ಐದು ಮಕ್ಕಳು, ಅಜ್ಜಿಯ ಕಣ್ಣು ಕಾಣದ ಅತ್ತೆ, ಇಷ್ಟು ಜನಕ್ಕೆ ಇನ್ನು ಬಂಗಲೆಯೇ ಗತಿ. ಅದು ಕೈತಪ್ಪಿದರೆ ಬೀದಿ.

ಇಲ್ಲಿ ಪ್ರಾಧಿಕಾರದ ಒಂದು ಪದ್ಧತಿಯನ್ನು ವಿವರಿಸುವುದು ಅಗತ್ಯ. ಮೊಟ್ಟಮೊದಲ ಅಧ್ಯಕ್ಷರ ಕಾಲದಲ್ಲಿ ಕಚೇರಿಯ ಹಿತ್ತಾಳೆಯ ತೂಕದ ಬಟ್ಟುಗಳು ಒಂದೊಂದಾಗಿ ಕಾಲು ಬಂದಂತೆ ಮಾಯವಾದವು. ಅಂದಿನಿಂದ, ಅಧಿಕಾರ ವಹಿಸಿಕೊಳ್ಳುವಾಗ ಅಧ್ಯಕ್ಷರನ್ನೇ ಕಚೇರಿಯ ದೊಡ್ಡ ತೂಕದ ಯಂತ್ರದ ಮೇಲೆ ನಿಲ್ಲಿಸಿ ತೂಗುತ್ತಾರೆ. ಬಿಡುವಾಗ ಮತ್ತೆ ತೂಗುತ್ತಾರೆ. "ಬಂದ ತೂಕದಲ್ಲೇ ಹೋಗತಕ್ಕದ್ದು. ತೂಕ ತಾಳೆಯಾಗುವ ತನಕ ಸದರಿಯವರನ್ನು ಬಿಡುಗಡೆ ಮಾಡತಕ್ಕದ್ದಲ್ಲ." ಕಳ್ಳತನ ತಡೆಯಲು ಇದಕ್ಕಿಂತ ಉತ್ತಮ ನಿಯಮ ಯಾವ ಇಲಾಖೆಯಲ್ಲೂ ಇಲ್ಲ.

ಅಜ್ಜನನ್ನು ವಿಧಿವತ್ತಾಗಿ ತೂಗಿ ಕುರ್ಚಿಯಲ್ಲಿ ಕೂರಿಸಿದ ವಾರದಲ್ಲೇ ವಿರೋಧ ಪಕ್ಷದ ನಾಯಕರು ಹಿಂಬಾಲಕರೊಡನೆ ರಾಜಭವನಕ್ಕೆ ನುಗ್ಗಿದರು.

"ಸ್ಕೇಲು ಮುಟ್ಟದವರು ಅಳತೆಗೆ ಅಧ್ಯಕ್ಷರಾ? ನಾಳೆ ಈಜು ಬಾರದವರನ್ನ ಬಂದರಿಗೆ ಹಾಕ್ತೀರಾ?"

"ಹಾಕಿದೀವಲ್ಲ ಆಗ್ಲೇ" ಎಂದರು ರಾಜ್ಯಪಾಲರು.

"ಅವರು ನಮ್ಮವರು. ಅದು ಬೇರೆ ಮಾತು."

ಈ ನೇಮಕ ರದ್ದಾಗದಿದ್ದರೆ ಸದನದಲ್ಲಿ ಒಂದು ಮಸೂದೆಯೂ ಅಲುಗಾಡದೆಂದು ನಾಯಕರು ಘೋಷಿಸಿದರು. ಮರುದಿನ ರಾಜಭವನದಿಂದ ಪ್ರಕಟಣೆ ಹೊರಬಿತ್ತು: "ಘನತೆವೆತ್ತ ರಾಜ್ಯಪಾಲರು ಯಾವುದೇ ಒತ್ತಡಕ್ಕೆ ಮಣಿಯುವವರಲ್ಲವಾದ್ದರಿಂದ, ಒತ್ತಡ ಇನ್ನೂ ಹೆಚ್ಚಾಗುವ ಮೊದಲೇ ನೇಮಕವನ್ನು ಸ್ವಇಚ್ಛೆಯಿಂದ ಹಿಂಪಡೆದಿದ್ದಾರೆ." ಆ ಸಂಜೆ ಅಜ್ಜ ಎಂದಿನಂತೆ ಹೋಗಿ ಎಂದಿನಂತೆ ಸೋತು ಬಂದರು. ಯಾರ ಮುಖದ ಮೇಲೂ ಏನನ್ನೂ ಎಸೆದದ್ದಕ್ಕೆ ಸಾಕ್ಷ್ಯ ದೊರೆತಿಲ್ಲ.

ಬಿಡುಗಡೆಯ ದಿನ ಅಜ್ಜ ಯಂತ್ರ ಹತ್ತಿದರು. ತೂಕದ ಗುಮಾಸ್ತ ಮುಳ್ಳನ್ನೇ ದಿಟ್ಟಿಸಿದ.

"ಸಾರ್, ಒಂದೂಕಾಲು ಕಿಲೋ ಜಾಸ್ತಿ ಇದೀರಿ. ಏನಾದ್ರೂ ಕದ್ದಿದೀರಾ?"

"ಇಲ್ಲಪ್ಪ, ಉಂಡಿದೀನಿ."

"ಉಂಡಿದ್ದಕ್ಕೆ ಕಾಲಂ ಇಲ್ಲ ಸಾರ್. ಕದ್ದಿದ್ದಕ್ಕೆ ಮಾತ್ರ ಇದೆ."

ಕಾಲಂ ಇಲ್ಲದ್ದನ್ನು ಬರೆಯುವಂತಿಲ್ಲ, ಬರೆಯದೆ ಬಿಡುಗಡೆ ಮಾಡುವಂತಿಲ್ಲ. ಅಜ್ಜ ಮನೆಗೆ ಬಂದು ವಿಷಯ ಹೇಳಿದರು. ಗಂಟುಮೂಟೆ ಕಟ್ಟುತ್ತಿದ್ದ ಅಜ್ಜಿ ಕೈಯಲ್ಲಿದ್ದ ಹಗ್ಗವನ್ನು ಮೆಲ್ಲಗೆ ಕೆಳಗಿಟ್ಟು, ಬೆಣ್ಣೆಯ ಡಬ್ಬಿಯನ್ನು ಕೆಳಗಿಳಿಸಿದಳು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಆಡಳಿತದ ಸೂಕ್ಷ್ಮ ಆಕೆಗೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಹೊಳೆದಿತ್ತು.

ವಿರೋಧ ಪಕ್ಷವೂ ಕೈಕಟ್ಟಿ ಕೂರಲಿಲ್ಲ. ಪ್ರಜಾಪ್ರಭುತ್ವದ ಉಳಿವಿಗಾಗಿ ನಾಯಕರು ಖುದ್ದಾಗಿ ಬೆಳಗಿನ ಹೊತ್ತು ಬಂದು ಅಜ್ಜನನ್ನು ಕೆರೆಯ ಸುತ್ತ ನಡೆಸತೊಡಗಿದರು. ಅವರು ಇಳಿಸಿದ್ದನ್ನು ಅಜ್ಜಿ ಏರಿಸುವಳು. ಕೊನೆಗೊಮ್ಮೆ ನಾಯಕರು ಬಂಗಲೆಯ ಗೇಟಿನಲ್ಲೇ ನಿಂತು ಅಸಮಾಧಾನ ವ್ಯಕ್ತಪಡಿಸಿದರು.

"ನೋಡಮ್ಮ, ನೀವು ಸಂವಿಧಾನಕ್ಕೆ ಬೆಣ್ಣೆ ಹಚ್ತಾ ಇದೀರಿ."

"ನಿಮಗೂ ಎರಡು ರೊಟ್ಟಿಗೆ ಹಚ್ಚಿ ಕೊಡ್ಲಾ ಅಣ್ಣಾ? ಪಾಪ, ಅಷ್ಟು ದೂರ ನಡೆದಿದೀರಿ."

ನಾಯಕರು ತಾತ್ವಿಕವಾಗಿ ವಿರೋಧಿಸುತ್ತಲೇ ನಾಲ್ಕು ರೊಟ್ಟಿ ತಿಂದರು. ಅವರ ನಡಿಗೆಯಿಂದಾಗಿ ಅಜ್ಜ ಒಮ್ಮೆ ಮೂಲ ತೂಕಕ್ಕಿಂತ ಮುಕ್ಕಾಲು ಕಿಲೋ ಕೆಳಗೆ ಇಳಿದದ್ದುಂಟು. ಆದರೆ ಗುಮಾಸ್ತ, "ಈಗ ಸರ್ಕಾರವೇ ನಿಮ್ಮಿಂದ ಮುಕ್ಕಾಲು ಕಿಲೋ ಕದ್ದಂಗಾಯ್ತು ಸಾರ್, ಇದು ಇನ್ನೂ ಗಂಭೀರ" ಎಂದು ಕಡತವನ್ನು ಮೇಲಕ್ಕೆ ಕಳುಹಿಸಿದ. ಮೇಲಿನಿಂದ ಅದು ಮರಳಲಿಲ್ಲ.

ಹೀಗೆ ಅಜ್ಜ ಇರುವಂತೆಯೂ ಇಲ್ಲ, ಹೋಗುವಂತೆಯೂ ಇಲ್ಲವಾಗಿ, "ಹಿಂಪಡೆದ ಅಧ್ಯಕ್ಷರು" ಎಂಬ ಪದನಾಮ ಬಳಕೆಗೆ ಬಂತು. ಬಾಗಿಲಿನ ಫಲಕವನ್ನು ಅಜ್ಜ ತಾವೇ ಬರೆದರು, ಅಳತೆಪಟ್ಟಿಯಿಲ್ಲದೆ. ಹಿಂಪಡೆದವರು ಸಭೆ ಕರೆಯುವಂತಿಲ್ಲ, ರುಜು ಹಾಕುವಂತಿಲ್ಲ. ಕುರ್ಚಿ, ಕಾರು, ಬಂಗಲೆಗಳನ್ನು ಮಾತ್ರ ಬಳಸಬಹುದು. ಹಿಂದಿನ ಅಧ್ಯಕ್ಷರ ಕಾಲಕ್ಕೂ ಇದಕ್ಕೂ ವ್ಯತ್ಯಾಸ ಸಾರ್ವಜನಿಕರ ಗಮನಕ್ಕೆ ಬರಲಿಲ್ಲ.

ಮುಂದಿನ ಚುನಾವಣೆಯಲ್ಲಿ ವಿರೋಧ ಪಕ್ಷವೇ ಗದ್ದುಗೆ ಹಿಡಿಯಿತು. ನಾಯಕರ ಕಾರು ಬಂಗಲೆಯ ಮುಂದೆ ನಿಂತಾಗ ಅಜ್ಜಿ ಹಳೆಯ ಹಗ್ಗ ಹಿಡಿದೇ ಎದ್ದು ಬಂದಳು. ಬಾಗಿಲಲ್ಲೇ ಕೇಳಿದಳು:

"ಸಾಮಾನು ಕಟ್ಟೋಣವಾ ಅಣ್ಣಾ? ಅತ್ತೆಗೆ ಬೇರೆ ಈ ಮನೆಯ ಹೊಸ್ತಿಲುಗಳೆಲ್ಲ ಈಗಷ್ಟೇ ಕಾಲಿಗೆ ರೂಢಿಯಾಗಿವೆ."

"ಯಾಕಮ್ಮ ಕಟ್ತೀರಿ? ನಾನು ಯಾರನ್ನ ಹಾಕಿದ್ರೂ ಈಗ ಅವರು ಗಲಾಟೆ ಮಾಡ್ತಾರೆ. ಇಡೀ ಸರ್ಕಾರದಲ್ಲಿ ಯಾರೂ ತಕರಾರು ಎತ್ತದ ಒಬ್ಬರೇ ಅಧಿಕಾರಿ ನಿಮ್ಮ ಯಜಮಾನ್ರು. ಹಿಂಪಡೆದವರನ್ನ ಮತ್ತೆ ಹಿಂಪಡೆಯೋದು ಹೇಗೆ?" ಎಂದು ಒಳಬಂದು ಕುಳಿತ ನಾಯಕರು, "ರೊಟ್ಟಿ ಇದೆಯಾ?" ಎಂದರು.

ರೊಟ್ಟಿ ತಿನ್ನುತ್ತಿರುವಾಗಲೇ ಅವರಿಗೆ ಮುಂದಿನ ಸುಧಾರಣೆ ಹೊಳೆಯಿತೆಂದು ನನ್ನ ತಾಯಿ ಸಾಕ್ಷಿ ನುಡಿದಿದ್ದಾರೆ. ಅದರಂತೆ ಸಕಲ ಪ್ರಾಧಿಕಾರಗಳಿಗೂ ತೂಕದ ನಿಯಮ ಅನ್ವಯವಾಯಿತು. ಬೆಳಿಗ್ಗೆ ನೇಮಕ, ಮಧ್ಯಾಹ್ನ ರಾಜಭವನದಲ್ಲಿ ಭೋಜನ, ಭೋಜನದ ತರುವಾಯ ವಿರೋಧ ಪಕ್ಷದ ಪ್ರತಿಭಟನೆ, ಸಂಜೆ ಹಿಂಪಡೆತ, ನಂತರ ತೂಕ. ಭೋಜನ ಪುಷ್ಕಳವಾಗಿದ್ದುದರಿಂದ ಯಾರ ತೂಕವೂ ತಾಳೆಯಾಗುತ್ತಿರಲಿಲ್ಲ. ಪ್ರತಿಭಟಿಸುವವರಿಗೂ ಎಲೆ ಹಾಕುತ್ತಿದ್ದರು. ಅಜ್ಜ ಕೊನೆಯವರೆಗೂ ಅದೇ ಬಂಗಲೆಯಲ್ಲಿ ಗೌರವಯುತವಾಗಿ ಹಿಂಪಡೆಯಲ್ಪಟ್ಟೇ ಇದ್ದರು.

ಆದರೂ ಒಂದು ಸಂಶಯ ನನ್ನನ್ನು ಬಿಡಲಿಲ್ಲ. ಅಷ್ಟು ವರ್ಷಗಳಲ್ಲಿ, ಏರುತ್ತ ಇಳಿಯುತ್ತ ಹೋಗುವ ಮನುಷ್ಯನ ತೂಕ ಆಕಸ್ಮಿಕವಾಗಿಯಾದರೂ ಒಮ್ಮೆ ತಾಳೆಯಾಗಬೇಕಿತ್ತಲ್ಲವೇ? ಹೋದ ತಿಂಗಳು ಪ್ರಾಧಿಕಾರದ ಕಚೇರಿಗೆ ಹೋದೆ. ಯಂತ್ರ ಅದೇ ಮೂಲೆಯಲ್ಲಿತ್ತು. ಈಗಿನ ಗುಮಾಸ್ತ ಅದರ ಮೇಲೆ ತನ್ನ ಊಟದ ಡಬ್ಬಿಯಿಟ್ಟಿದ್ದ.

"ಇದನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ?" ಎಂದು ಕೇಳಿದೆ.

"ಪರೀಕ್ಷೆನಾ? ಬೇಡ ಮೇಡಂ. ಇದು ಸರಿಹೋದ್ರೆ ಎಷ್ಟು ಸಂಸಾರ ಬೀದಿಗೆ ಬೀಳುತ್ತೆ ಗೊತ್ತಾ?" ಎಂದ ಆತ ಡಬ್ಬಿಯನ್ನು ಎತ್ತಿಕೊಂಡು ಜಾಗ ಬಿಟ್ಟ.

ನಾನು ಯಂತ್ರದ ಮೇಲೆ ಹತ್ತಿ ನಿಂತು ಮುಳ್ಳನ್ನು ನೋಡಿಕೊಂಡೆ. ಇಳಿದೆ. ಉಸಿರು ಬಿಟ್ಟು, ಏನನ್ನೂ ಮುಟ್ಟದೆ, ಮತ್ತೆ ಹತ್ತಿದೆ. ಅಷ್ಟರೊಳಗೆ ಎರಡು ಕಿಲೋ ಹೆಚ್ಚಾಗಿದ್ದೆ.