ವಾರಸುದಾರರಿಲ್ಲದ ವಸ್ತು

ದೇಶಕ್ಕೆ ಎಲ್ಲೇ ಅಪಾಯ ಬರಲಿ, ಅದು ಮೊದಲು ನನ್ನ ಚೀಲವನ್ನೇ ಕೇಳುತ್ತದೆ. ದಿಲ್ಲಿಯಲ್ಲಿ ಏನೋ ಆಯಿತು ಅಂತ ಟಿವಿಯಲ್ಲಿ ಕೆಂಪು ಅಕ್ಷರ ಓಡತೊಡಗಿದರೆ ಸಾಕು, ಸಂಜೆಯೊಳಗೆ ಯಾವುದೋ ನಾಕಾದಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಒಬ್ಬ ಪೊಲೀಸಪ್ಪ ಕೋಲಿನಿಂದ ನನ್ನ ಚೀಲ ತಿವಿದು, "ಏನೈತಲೇ ಇದರಾಗ?" ಅನ್ನುತ್ತಾನೆ. ಅದರಲ್ಲಿ ಇರುವುದು ಒಂದು ಚಾದರ, ಒಂದು ಲುಂಗಿ, ಮತ್ತೆ ಆ ತಿಂಗಳು ನಾನು ಮಾರುತ್ತಿರುವ ಸಾಮಾನು. ಏಳನೇತ್ತೆ ಮುಗಿಸದೆ ಸಾಲಿ ಬಿಟ್ಟವನು ನಾನು. ಅಲ್ಲಿಂದ ಇಲ್ಲಿಯತನಕ ಒಂದು ಊರಲ್ಲಿ ನೆಟ್ಟಗೆ ನಿಂತವನಲ್ಲ. ಕಬ್ಬಿನ ಲಾರಿಯ ಕ್ಲೀನರ್ ಆದೆ, ರಾಯಬಾಗದಲ್ಲಿ ಪೆಂಡಾಲ್ ಹೊಡೆದೆ, ಸಂತೆ ಸಂತೆ ಬಾಚಣಿಕೆ ಮಾರಿದೆ. ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಒಂದು ಹೆಣ್ಣುದನಿ ದಿನಾ ಹೇಳುತ್ತದಲ್ಲ, "ವಾರಸುದಾರರಿಲ್ಲದ ವಸ್ತು ಕಂಡುಬಂದಲ್ಲಿ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ" ಅಂತ, ಅದನ್ನು ಕೇಳಿದಾಗೆಲ್ಲ ಯಾರೋ ನನ್ನ ಹೆಸರು ಹಿಡಿದು ಕರೆದಂತಾಗಿ ತಲೆ ಎತ್ತುತ್ತೇನೆ.

ವಾರಸುದಾರರು ಅಂತ ನನಗಿದ್ದದ್ದು ಒಬ್ಬಳೇ, ಅಂಕಲಿಯ ಅಕ್ಕ. ಅವಳನ್ನೂ ದೇಶದ ಭದ್ರತೆಗೇ ಕಳೆದುಕೊಂಡೆ. ಅದು ಹೇಗಾಯಿತು ಅಂತ ಒಂದೊಂದಾಗಿ ಹೇಳುತ್ತೇನೆ.

ಗಡಿ ಬಂದ್

ಕಾಗವಾಡದಲ್ಲಿ ಒಂದು ಚಹಾದಂಗಡಿ. ಟಿವಿಯಲ್ಲಿ ಒಬ್ಬ, "ಗಡಿಯಲ್ಲಿ ಕಟ್ಟೆಚ್ಚರ! ಗಡಿ ಬಂದ್!" ಅಂತ ಚೀರುತ್ತಿದ್ದ. ಐನಾಪುರದ ಅಜ್ಜನೊಬ್ಬ ಮಿರಜಿನ ಬಸ್ಸಿಗೆ ಕಾಯುತ್ತ ಕೂತಿದ್ದ. ಅಲ್ಲಿನ ದವಾಖಾನೆಯಲ್ಲಿ ಅವನ ಕಣ್ಣಿನ ಪೊರೆ ತೆಗೆಯುವುದಿತ್ತು. ಚಹಾದ ಬಸಿ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಮತ್ತ ಬಂದ್ ಆತೇನಪಾ ಗಡಿ? ಬಸ್ ಬಿಡಂಗಿಲ್ಲೇನು?"

ನಮ್ಮ ಕಡೆ ಗಡಿ ಅಂದರೆ ಒಂದೇ. ಆಚೆ ಮಹಾರಾಷ್ಟ್ರ, ಈಚೆ ನಾವು. ಆಗೀಗ ಬಸ್ಸುಗಳಿಗೆ ಮಸಿ ಬಳಿದು ಓಡಾಟ ನಿಲ್ಲಿಸುತ್ತಾರೆ, ಆಮೇಲೆ ಎಲ್ಲರೂ ಮೊದಲಿನಂತೆ ಆಚೆಯಿಂದ ಹೆಣ್ಣು ತರುತ್ತಾರೆ.

"ಆ ಗಡಿ ಅಲ್ಲೋ ಅಜ್ಜಾ, ಇದು ಪಾಕಿಸ್ತಾನದ ಗಡಿ" ಅಂದೆ.

"ಅಲ್ಲೂ ಐತೇನು ಗಡಿ?"

"ಐತಿ."

ಅಜ್ಜ ಯೋಚನೆ ಮಾಡಿದ. "ಅವರದೇನು ತಕರಾರು? ಬೋರ್ಡ್ ಮರಾಠ್ಯಾಗ ಬರೀರಿ ಅಂತಾರೇನು?"

ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನೂ ನಗುವವನಿದ್ದೆ. ಅಷ್ಟರಲ್ಲಿ ಟಿವಿಯಲ್ಲಿ ನೆಲದ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದ ಚಪ್ಪಲಿಗಳನ್ನು ತೋರಿಸಿದರು, ಸಣ್ಣವು, ದೊಡ್ಡವು. ಅಜ್ಜ ಪೊರೆಗಣ್ಣು ಕಿರಿದು ಮಾಡಿ ನೋಡಿ, "ಗುಡಿ ಮುಂದ ಬಿಟ್ಟಾರೇನು?" ಅಂದ.

ಅಂಗಡಿಯವ ಟಿವಿ ಆರಿಸಿದ.

ರೋಗದ ಪುಡಿ

ಆಮೇಲೆ ಮೊಬೈಲಿನಲ್ಲಿ ಒಂದು ಸುದ್ದಿ ಹಬ್ಬಿತು. ವೈರಿಗಳು ಪುಡಿಯೊಳಗೆ ರೋಗ ಬೆರೆಸಿ ಕಳಿಸುತ್ತಿದ್ದಾರೆ, ಮೂಗಿಗೆ ಹೋದರೆ ಮುಗೀತು, ಎಲ್ಲರಿಗೂ ಕಳಿಸಿರಿ. ಎಲ್ಲರೂ ಎಲ್ಲರಿಗೂ ಕಳಿಸಿದರು.

ಆ ತಿಂಗಳು ನಾನು ಮಾರುತ್ತಿದ್ದದ್ದು ತಪಕೀರು, ಅಂದರೆ ಮೂಗಿಗೇರಿಸುವ ತಂಬಾಕಿನ ನಸ್ಯ. ನಿಪ್ಪಾಣಿಯಲ್ಲಿ ಚೀಲ ತುಂಬಿಸಿಕೊಂಡು ಚಿಕ್ಕೋಡಿ ಬಸ್ಸು ಹತ್ತಿ, ಚೀಲವನ್ನು ಮೇಲಿನ ಸರಳಿಗೆ ಸಿಗಿಸಿದೆ. ರಸ್ತೆಯ ಉಬ್ಬಿಗೆ ಬಸ್ಸು ಹಾರಿತು, ಚೀಲವೂ ಹಾರಿತು, ಬಾಯಿ ಬಿಚ್ಚಿಕೊಂಡು ನಡುವೆ ಬಿತ್ತು. ಮೊದಲು ಕಂಡಕ್ಟರ್ ಸೀನಿದ. ಆಮೇಲೆ ಇಡೀ ಬಸ್ಸೇ ಸೀನಿತು. ಕಣ್ಣಲ್ಲಿ ನೀರು, ಮೂಗಲ್ಲಿ ಬೆಂಕಿ. ಹಿಂದಿನಿಂದ ಒಬ್ಬ ಮಾಸ್ತರರು, "ಜೈವಿಕ ದಾಳಿ! ಉಸಿರ ಹಿಡೀರಿ!" ಅಂತ ಕೂಗಿದರು. ಸೀನುವವನು ಉಸಿರು ಹಿಡಿಯುವುದು ಹೇಗೆ? ಬಸ್ಸು ನಿಂತಿತು. ಎಲ್ಲರಿಗಿಂತ ಮೊದಲು ಕಬ್ಬಿನ ಹೊಲ ಸೇರಿದವನು ಡ್ರೈವರ್.

ಹೊಲದ ಬದುವಿನ ಮೇಲೆ ಒಬ್ಬ ಹೆಂಗಸು ಕೂತು ಸೊಸೆಗೆ ಫೋನು ಹಚ್ಚಿದಳು. "ನಾ ಇನ್ನ ಬದಕಂಗಿಲ್ಲ ತಂಗಿ. ನಿನಗ ಬೈದದ್ದೆಲ್ಲ ಹೊಟ್ಯಾಗ ಹಾಕ್ಕೋ. ನಿಮ್ಮ ಮಾವಗ ಹೇಳಬ್ಯಾಡ, ನನ್ನ ಬಂಗಾರದ ಪಾಟ್ಲಿ ಜ್ವಾಳದ ಹಿಟ್ಟಿನ ಡಬ್ಬ್ಯಾಗ ಐತಿ."

ನಾನು ಕೂಗಿದೆ: "ಯಕ್ಕಾ, ಅದು ತಪಕೀರು! ನಂದ ಐತಿ! ಯಾರೂ ಸಾಯಂಗಿಲ್ಲ!"

ಆಕೆ ಸೀನಿದಳು. ನನ್ನ ಮುಖ ನೋಡಿದಳು. ಆಮೇಲೆ ಫೋನಿನಲ್ಲಿ, "ಸೊಸಿ... ಇಟ್ಟೆಯೇನ?... ಹಲೋ?" ಅಂದಳು. ಸೊಸೆ ಯಾವಾಗಲೋ ಇಟ್ಟು ಹಿಟ್ಟಿನ ಡಬ್ಬಿಯ ಕಡೆ ಹೋಗಿದ್ದಳು.

ಸೋದರಮಾವ

ಅಲ್ಲಿಗೆ ನಗು ಮುಗಿಯಿತು. ಪೊಲೀಸರು ಬಂದರು. "ತಪಕೀರು ನಿಂದು. ಸರಿ. ನೀ ಯಾರಂವಾ?" ಅಂದರು.

ಇದೊಂದು ಪ್ರಶ್ನೆಗೆ ನನ್ನಲ್ಲಿ ಯಾವತ್ತೂ ಉತ್ತರ ಇಲ್ಲ. ಊರು ಕೇಳಿದರೆ ಯಾವುದು ಹೇಳಲಿ? "ನಿನ್ನ ಗುರುತಿನವರು ಯಾರದಾರ?" ಅಂದಾಗ, "ಅಂಕಲ್ಯಾಗ ಅಕ್ಕ ಅದಾಳ್ರಿ" ಅಂದೆ. ಜೀಪಿನಲ್ಲಿ ಕೂರಿಸಿಕೊಂಡು ಅಲ್ಲಿಗೇ ಹೋದರು.

ಅಕ್ಕನ ಗಂಡ ತೀರಿಹೋಗಿ ಬಹಳ ದಿನವಾಗಿತ್ತು. ಇರುವವಳು ಒಬ್ಬಳು ಮಗಳು. ಅವತ್ತೇ ಆ ಹುಡುಗಿಯನ್ನು ನೋಡಲು ಗಂಡಿನವರು ಬಂದು ಕೂತಿದ್ದರು. ನಾನು ಜೀಪಿನಲ್ಲಿ, ಮನೆಯ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಒಳಗೆ ಹೋದವನು ಸಾದಾ ಬಟ್ಟೆಯ ಪೊಲೀಸ. ಅಕ್ಕ ಅವನನ್ನೂ ಗಂಡಿನ ಕಡೆಯವನೆಂದೇ ತಿಳಿದು, "ಬರ್ರಿ, ಕೂಡ್ರಿ, ಯಾಕ ತಡಾ ಆತ್ರಿ?" ಅಂತ ಅವಲಕ್ಕಿಯ ತಾಟು ಕೈಗಿತ್ತಳು. ಅವನೂ ಹಸಿದಿದ್ದ, ತಿಂದ. ತಾಟು ಬರಿದಾದ ಮೇಲೆ ಕಿಸೆಯಿಂದ ಮೊಬೈಲು ತೆಗೆದು ನನ್ನ ಫೋಟೋ ತೋರಿಸಿ, "ಬಾಂಬಿನ ತಪಾಸಣ್ಯಾಗ ಸಿಕ್ಕಾನ್ರಿ. ಇಂವ ನಿಮಗೇನಾಗಬೇಕು?" ಅಂದ.

ಗಂಡಿನ ತಂದೆ ಕತ್ತು ಚಾಚಿ ಫೋಟೋ ನೋಡಿದರು. "ಹುಡುಗಿ ಸೋದರಮಾವ ಅಂದ್ರ ಇವರೇನ್ರಿ?" ಅಂತ ಕೇಳಿ, ಟೊಪ್ಪಿಗೆ ಹಾಕಿಕೊಂಡು ಎದ್ದರು. "ಹುಡುಗಿ ಚೊಲೋ ಅದಾಳ್ರಿ. ಮಾವ ಸ್ವಲ್ಪ ಸಿಡಿಯಂವ ಕಾಣಸ್ತಾನ."

ಅಕ್ಕ ಜೀಪಿನ ತನಕ ಬಂದಳು. ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಅವಳು ಅಲ್ಲ ಅಂದಿದ್ದರೂ ಆಗುತ್ತಿತ್ತು. ಅನ್ನಲಿಲ್ಲ.

"ಸಾಹೇಬರ, ಇಂವ ನನ್ನ ತಮ್ಮ ಹೌದ್ರಿ. ಬಾಂಬ್ ಮಾಡುವಷ್ಟ ಬುದ್ಧಿ ಇದ್ದಿದ್ರ ಏಳನೇತ್ತೆ ಪಾಸಾಗತಿದ್ದ."

ಪೊಲೀಸರು ನಕ್ಕು ನನ್ನನ್ನು ಇಳಿಸಿದರು. ಜೀಪು ಹೋದ ಮೇಲೆ ಅಕ್ಕ ದನಿ ಏರಿಸದೆ ಹೇಳಿದಳು: "ಇವತ್ತ ಹೌದು ಅಂದೆ. ಇನ್ನ ಮುಂದ ನೀ ಸತ್ತರೂ ನಾ ಬರೂದಿಲ್ಲ." ಬಾಗಿಲು ಹಾಕಿಕೊಂಡಳು.

ಆ ಹುಡುಗಿಗೆ ಆಮೇಲೆ ಬೇರೆ ಕಡೆ ಕೂಡಿಬಂತು. ನನಗೆ ತಿಳಿದದ್ದು ಮದುವೆಯ ಅಕ್ಕಿಕಾಳು ಬಿದ್ದ ಮೇಲೆ. ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಓಣಿಯವನೊಬ್ಬ ನಿಂತಿದ್ದನಂತೆ.

ಸ್ಲೀಪರ್ ಸೆಲ್

ಅಂಕಲಿಯ ಕಡೆ ಮುಖ ಹಾಕುವಂತಿರಲಿಲ್ಲ, ಅಥಣಿಗೆ ಹೋದೆ. ಚಪ್ಪಲಿ ಹೊಲಿಯುವ ಕಾಕಾ ಒಬ್ಬರ ಮಾಲು ಹೊತ್ತು ಮಾರತೊಡಗಿದೆ. ಆಗಲೂ ಎಲ್ಲೋ ಏನೋ ಆಗಿತ್ತು. ಆ ಕಡೆಯಿಂದ, ಮೈಸೂರಿನ ಸೀಮೆಯಿಂದ ಹೊಸದಾಗಿ ಬಂದ ಎಳೆ ಪೊಲೀಸನೊಬ್ಬ ಅಂಗಡಿ ಅಂಗಡಿ ವಿಚಾರಿಸುತ್ತ ಬಂದ.

"ಇಲ್ಲಿ ಸ್ಲೀಪರ್ ಸೆಲ್ ಏನಾದ್ರೂ ಇರೋದು ಗೊತ್ತಾ?"

ಕಾಕಾ ದಾರಕ್ಕೆ ಮೇಣ ಉಜ್ಜುತ್ತ, "ಸ್ಲಿಪರ್ ಸೇಲ್ ಇಲ್ರಿ. ನಮ್ಮಲ್ಲಿ ರಬ್ಬರ್ ಮಾಲ ಇಡಂಗಿಲ್ಲ, ಬರೇ ತೊಗಲಿಂದು. ಸೇಲ್ ಬೇಕಂದ್ರ ನಮ್ಮ ತಮ್ಮ ದೀಪಾವಳಿಗೆ ಹಾಕ್ತಾನ" ಅಂದರು.

ಹುಡುಗ ಬೆವೆತ. "ದೀಪಾವಳಿಗಾ? ಎಲ್ಲಿ ಹಾಕ್ತಾನೆ?"

"ಬಜಾರದಾಗ್ರಿ. ಮಂದಿ ಭಾಳ ಕೂಡ್ತಾರಲ್ಲ, ಒಂದ ದಿನದಾಗ ಎಲ್ಲಾ ಖಲಾಸ್."

ಅವನ ಕೈ ವೈರ್‌ಲೆಸ್ಸಿಗೆ ಹೋಯಿತು. ನಾನು ನಡುವೆ ಬಿದ್ದು ಬಿಡಿಸಿ ಹೇಳಿದೆ. ಅವನಿಗೆ ಉಸಿರು ಬಂತು. ಆದರೆ ಪೊಲೀಸನಿಗೆ ಉಪಕಾರ ಮಾಡಬಾರದು. "ನೀನು ಯಾರು? ರಾತ್ರಿ ಎಲ್ಲಿ ಮಲಗ್ತೀಯ?" ಅಂದ.

"ಬಸ್ ಸ್ಟ್ಯಾಂಡಿನಾಗ್ರಿ."

ಅವನು ನನ್ನನ್ನು ಅಡಿಯಿಂದ ಮುಡಿತನಕ ನೋಡಿ ಅಂದ: "ಹಂಗಾದ್ರೆ ಸ್ಲೀಪರ್ ನೀನೇ."

ಸಾಯುವ ಕೆಲಸ

ಕಡೆಗೆ ಚಿಕ್ಕೋಡಿಯಲ್ಲಿ ಪೊಲೀಸರು ದಾಳಿಯ ಅಣಕು ಡ್ರಿಲ್ ಮಾಡುತ್ತಾರೆ, ಮಂದಿ ಬೇಕು, ಉಪ್ಪಿಟ್ಟು ಚಹಾ ಕೊಡುತ್ತಾರೆ ಅಂತ ಗೊತ್ತಾಯಿತು. ಇಷ್ಟು ದಿನ ನನ್ನನ್ನು ಹಿಡಿದವರಿಗೆ ಒಂದು ಸಲ ನಾನೇ ಕೈಕೂಡಿಸೋಣ ಅಂತ ಹೋದೆ. ಗಾಯಾಳುಗಳಿಗೆ ಸ್ಟ್ರೆಚರ್ ಇತ್ತು, ಆಂಬುಲೆನ್ಸಿನಲ್ಲಿ ಒಂದು ಸುತ್ತು ಇತ್ತು. ಅವೆಲ್ಲ ಗುರುತು ಇದ್ದವರಿಗೆ ಹೋದವು. ನನಗೆ ಉಳಿದದ್ದು ಹೆಣದ ಪಾತ್ರ. ಅಂಗಿಗೆ ಕೆಂಪು ಬಣ್ಣ ಸುರಿದರು. ಕೊರಳಿಗೆ ಚೀಟಿ ಕಟ್ಟುವವ, "ಸಂಬಂಧಿಕರು ಯಾರಂತ ಬರೀಲಿ?" ಅಂದ.

"ಯಾರೂ ಇಲ್ರಿ."

"ವಾರಸುದಾರರಿಲ್ಲ" ಅಂತ ಬರೆದು ಕಟ್ಟಿದ.

ಮೈದಾನದಲ್ಲಿ ಮಲಗಿದೆ. ಸಾಹೇಬರು ಬರುವತನಕ ಹೆಣಗಳು ಅಲುಗಾಡಬಾರದು ಅಂತ ಹುಕುಂ. ಎಷ್ಟು ಹೊತ್ತಾದರೂ ಸಾಹೇಬರು ಬರಲಿಲ್ಲ. ಬಿಸಿಲೇರಿತು. ಹಗ್ಗದ ಆಚೆ ಮಂದಿ ಕೂಡಿತು. ಆ ಮಂದಿಯಲ್ಲಿ ಅಂಕಲಿಯ ಒಬ್ಬ ಟಂಟಂ ಆಟೋ ಡ್ರೈವರ್ ಇದ್ದನೆಂದು ಹೆಣಕ್ಕೆ ಹೇಗೆ ಗೊತ್ತಾಗಬೇಕು? ಅವನು ನನ್ನ ಕೆಂಪು ಅಂಗಿಯ ಫೋಟೋ ಹೊಡೆದು ಊರಿಗೆ ಕಳಿಸಿದ್ದ.

ಒಂದು ದನಿ ಕೇಳಿತು. "ಬಿಡೋ ನನ್ನ! ಬಿಡು!"

"ಯಕ್ಕಾ, ಒಳಗ ಬಿಡಂಗಿಲ್ಲ. ನೀವ್ಯಾರು?" ಅದು ಹೋಮ್‌ಗಾರ್ಡ್.

"ಅಂವ ನನ್ನ ತಮ್ಮ ಅದಾನೋ!"

ಅಕ್ಕ ಹಗ್ಗದ ಕೆಳಗೆ ನುಸುಳಿ ಬಂದು ನನ್ನ ಎದೆಯ ಮೇಲೆ ಬಿದ್ದಳು. ಕೊರಳ ಚೀಟಿ ಕೈಗೆ ಸಿಕ್ಕಿತು, ಓದಿದಳು. "ವಾರಸುದಾರರಿಲ್ಲ? ಯಾವ ಭಾಡ್ಯಾ ಬರದಾನ ಇದನ್ನ? ನಾ ಏನ ಸತ್ತೇನೇನು?" ಚೀಟಿ ಪರಪರ ಹರಿಯಿತು.

ನಮ್ಮ ಕಡೆ ಸತ್ತವರ ಗುಣ ಹಾಡಿಕೊಂಡು ಅಳುತ್ತಾರೆ. ಅಕ್ಕ ಶುರು ಮಾಡಿದಳು. "ದುಡದ ತಂದ ಹಾಕಿದಂವಾ..." ಅಂದು ನಿಂತಳು, ನಾನು ಏನೂ ತಂದು ಹಾಕಿರಲಿಲ್ಲ. "ಓದಿ ಹೆಸರ ತಂದಂವಾ..." ಅಲ್ಲೂ ತಡವರಿಸಿದಳು. ಕಣ್ಣು ಮುಚ್ಚಿ ಮಲಗಿದ ನನಗೇ ನಾಚಿಕೆಯಾಯಿತು. ಕೊನೆಗೆ ಅವಳಿಗೆ ಒಂದು ಸಿಕ್ಕಿತು. "ಇರಿವಿ ಸಾಲ ಕಂಡರ ದಾಟಿ ಹೋಗಂವಾ... ನಿನ್ನ ಬಾಂಬಿನಂವಾ ಅಂದ್ರಲ್ಲೋ ನನ್ನ ತಮ್ಮಾ... ಬಾಗಲಾ ಹಾಕಿ ಕಳಿಸಿದೆನಲ್ಲೋ..."

ಹುಕುಂ ಮುರಿದೆ. ತುಟಿ ಅಲುಗಿಸದೆ, "ಅಕ್ಕಾ, ನಾ ಸತ್ತಿಲ್ಲ. ಇದು ಸುಳ್ಳ ಸಾವು" ಅಂದೆ.

ಹಾಡು ಮೇಲಿನ ದನಿಯಲ್ಲೇ ನಿಂತಿತು. ಕೆಂಪು ಬಣ್ಣ ಬೆರಳಿಗೆ ಹಚ್ಚಿ ಮೂಸಿದಳು. ಆಮೇಲೆ ನನ್ನ ಕೆನ್ನೆಗೆ ಬಿದ್ದ ಏಟು ಅಲ್ಲಿ ಬಿದ್ದ ಅಷ್ಟೂ ಹೆಣಗಳಿಗೆ ಕೇಳಿಸಿತು.

"ಸತ್ತಿಲ್ಲೇನು?"

"ಇಲ್ಲಕ್ಕಾ."

"ಹಂಗಾರ ನಾ ಬಂದಿಲ್ಲ."

ಸೆರಗು ಕೊಡವಿಕೊಂಡು ಎದ್ದು ಹೊರಟಳು. ಅಷ್ಟರಲ್ಲೇ ಬಂದಿದ್ದ ಸಾಹೇಬರು ಚಪ್ಪಾಳೆ ತಟ್ಟಿದರು. "ಭಾರಿ ನ್ಯಾಚುರಲ್! ಈ ಅಕ್ಕಾರನ್ನ ನಿಪ್ಪಾಣಿ ಡ್ರಿಲ್ಲಿಗೂ ಕರೀರಿ. ಫೋಟೋ ಬಂತಲ್ಲ? ಬಂದಿಲ್ಲ? ಏ, ನೀ ಇನ್ನೊಮ್ಮೆ ಸಾಯಪಾ."

ಮತ್ತೆ ಮಲಗಿದೆ. ಹೋಮ್‌ಗಾರ್ಡ್ ಬಗ್ಗಿ, "ಹೆಣ ಕಣ್ಣ ತೆರೀಬಾರದು, ಮುಚ್ಚು" ಅಂದ.

"ಮುಚ್ಚತೇನ್ರಿ. ಅಕಿ ಹಿಂದ ಹೊಳ್ಳಿ ನೋಡಾಕತ್ತಾಳೇನ ಅಷ್ಟ ಹೇಳ್ರಿ."

ಅವನು ರಸ್ತೆಯ ಕಡೆ ನೋಡಿದ. "ಇಲ್ಲಪಾ, ನೋಡವಲ್ಲಳು." ಮತ್ತೊಮ್ಮೆ ನೋಡಿ ಅಂದ: "ಆದ್ರ ಅಂಕಲಿ ಬಸ್ ಬಂದೇತಿ. ಹತ್ತವಲ್ಲಳು, ಅಲ್ಲೇ ನಿಂತಾಳ."

ಮೈದಾನದ ಆ ತುದಿಯಿಂದ ಸಾಹೇಬರು ಕೂಗಿದರು: "ಏ, ಆ ಹೆಣ ನಗಾಕತ್ತೇತಿ! ಮುಖದ ಮ್ಯಾಲ ಬಟ್ಟಿ ಹಾಕ್ರಿ!"