ಎಲ್ಲರ ಎರಡನೇ ಆಯ್ಕೆ

ಎಲ್ಲ ತಾಪತ್ರಯಕ್ಕೂ ಕಾರಣ ಒಂದು ಹಳದಿ ಫಾರಂ. "ಚುನಾವಣಾ ಪದ್ಧತಿ ಸುಧಾರಣೆಯಾಗಬೇಕೇ? ಒಬ್ಬರಿಗೇ ಮತ ಹಾಕುವ ಬದಲು ಮೊದಲನೇ ಆಯ್ಕೆ, ಎರಡನೇ ಆಯ್ಕೆ ಎಂದು ಬರೆಯಬಹುದೇ?" ಎಂದು ಅದರಲ್ಲಿ ಅಚ್ಚಾಗಿತ್ತು.

"ನಿಮ್ಮ ಕಟ್ಟಡದ ಐದು ಮನೆಯವರ ಸಹಿ ತಂದ್ರೆ ಮೂರು ದಿನ ರಜೆ. ಇಲ್ಲಾಂದ್ರೆ ರಜೆ ಮರೆತುಬಿಡಿ" ಎಂದು ಗುಮಾಸ್ತನಿಗೆ ಹೇಳಿದ್ದರು ಕಚೇರಿಯ ಸಾಹೇಬರು. ಮದುವೆಯಾದ ಒಂಬತ್ತು ವರ್ಷಕ್ಕೆ ಗುಮಾಸ್ತ ಮೊದಲ ಸಲ ಹೆಂಡತಿಗೆ ಸಮುದ್ರ ತೋರಿಸಲು ಒಪ್ಪಿದ್ದ. ಸಂಜೆ ಐದೂವರೆಗೆ ಬಸ್ಸು. ಆಕೆ ಬೆಳಗ್ಗೆಯೇ ಸೂಟ್‌ಕೇಸು ತುಂಬಿ ಬಾಗಿಲ ಬಳಿ ಇಟ್ಟಿದ್ದಳು.

ಮೊದಲು ಮೇಲಿನ ಮಹಡಿಯ ಅಜ್ಜಿ. "ಸುಧಾರಣೆ ಆಮೇಲಾಗ್ಲಿ. ಮೊದ್ಲು ನೀನು ಸುಧಾರಿಸ್ಕೋ ಮಗಾ, ಮೂರು ಮಹಡಿ ಹತ್ತಿ ಬಂದಿದೀಯ" ಎಂದು ಕೂರಿಸಿ, ತಮ್ಮ ಮೊಣಕಾಲು ನೋವಿನ ಚರಿತ್ರೆಯನ್ನು ಮೊದಲಿನಿಂದ ಹೇಳಿದರು.

ನಿವೃತ್ತ ಹೆಡ್‌ಮಾಸ್ಟರು ಫಾರಮ್ಮಿನಲ್ಲಿದ್ದ ಎರಡು ಕಾಗುಣಿತದ ತಪ್ಪಿಗೆ ಕೆಂಪು ಗೆರೆ ಎಳೆದು, "ಮೂವತ್ತೈದು ಅಂಕ ಬರದವನು ಪಾಸಾಗೋದು ಹ್ಯಾಗ್ರೀ?" ಎಂದು ಗದರಿದರು. ಬಸ್ ಡ್ರೈವರು, "ಯಾರು ಗೆದ್ರೂ ಸ್ಟೇರಿಂಗ್ ಹಿಡಿಯೋನು ಇನ್ನೊಬ್ಬ" ಎಂದ. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ನರ್ಸು ಬಾಗಿಲ ಸಂದಿಯಿಂದಲೇ, "ನನ್ನ ಅಭಿಪ್ರಾಯ ನಿದ್ದೆ" ಎಂದು ಚಿಲಕ ಹಾಕಿಕೊಂಡಳು. ಮೂರು ಗಂಟೆಯಾದರೂ ಒಂದು ಸಹಿ ಇಲ್ಲ. ಗುಮಾಸ್ತನಿಗೆ ಅಳುವೇ ಬಂತು.

ಕೊನೆಗೆ ಐದನೇ ಮನೆಯ ಟೈಲರ್ ದಾರಿ ತೋರಿಸಿದ. "ಹಾಕಿ ನೋಡದೆ ಹ್ಯಾಗೆ ಹೇಳೋದು ಸಾರ್? ಕಂಕುಳಲ್ಲಿ ಹಿಡಿದ್ರೆ ಬಿಚ್ಚಿ ಹೊಲೀಬೇಕು. ನಮ್ಮ ಕಟ್ಟಡಕ್ಕೆ ಸೆಕ್ರೆಟರಿ ಇಲ್ಲ. ಈ ಪದ್ಧತೀಲೇ ಆರಿಸಿಬಿಡೋಣ."

ನೀರಿನ ಟ್ಯಾಂಕು ಕೊಳೆತು ನಾರುತ್ತಿದ್ದು, ಅದನ್ನು ತೊಳೆಸುವ ಹೊಣೆ ಸೆಕ್ರೆಟರಿಯದಾದ್ದರಿಂದ ಆ ಹುದ್ದೆ ಯಾರಿಗೂ ಬೇಡವಾಗಿತ್ತು. "ಏನಾದ್ರೂ ಮಾಡಿ, ಸಹಿ ಹಾಕಿ" ಎಂದ ಗುಮಾಸ್ತ. ಮನೆಗೊಂದು ಚೀಟಿ. ಮೊದಲನೇ ಆಯ್ಕೆಗೆ ಎರಡು ಅಂಕ, ಎರಡನೆಯದಕ್ಕೆ ಒಂದು ಎಂದು ಹೆಡ್‌ಮಾಸ್ಟರು ತೀರ್ಪಿತ್ತರು.

ಹುದ್ದೆಯೇ ಶಿಕ್ಷೆಯಾದ್ದರಿಂದ ಎಲ್ಲರೂ ತಮಗಾಗದವರನ್ನು ಮೊದಲು ಬರೆದರು. ಟೈಲರ್‌ಗೆ ಮೂವರು, ಹೆಡ್‌ಮಾಸ್ಟರಿಗೆ ಇಬ್ಬರು. ಎರಡನೆಯದಾಗಿ ಮಾತ್ರ ಐವರೂ ಒಂದೇ ಹೆಸರು ಬರೆದಿದ್ದರು, ಯಾವತ್ತೂ ಇಲ್ಲ ಎನ್ನದ ಗುಮಾಸ್ತನದು. ಐದು ಚೀಟಿ ಬಿಚ್ಚಿದಾಗ ಟೈಲರ್‌ಗೆ ಆರು, ಗುಮಾಸ್ತನಿಗೆ ಐದು.

ಟೈಲರ್ ತಲೆ ಮೇಲೆ ಕೈಹೊತ್ತು ಕೂತ. ಗುಮಾಸ್ತನಿಗೆ ಸಮುದ್ರದ ಗಾಳಿ ಆಗಲೇ ಬೀಸಿದಂತಾಯಿತು.

ಉಳಿದದ್ದು ಗುಮಾಸ್ತನ ಮನೆಯ ಚೀಟಿ. ಅವನು ಪೆನ್ನು ಹಂಚುವುದರಲ್ಲಿದ್ದಾಗ ಹೆಂಡತಿಯೇ ಬರೆದು ಹಾಕಿದ್ದಳು. ಹೆಡ್‌ಮಾಸ್ಟರು ಓದಿದರು: "ಮೊದಲನೇ ಆಯ್ಕೆ, ನಮ್ಮ ಯಜಮಾನರು. ಎರಡನೆಯದು ಖಾಲಿ."

ಗುಮಾಸ್ತನಿಗೆ ಏಳು! ಎಲ್ಲರೂ ಚಪ್ಪಾಳೆ ತಟ್ಟಿ, "ಪದ್ಧತಿ ಅಂದ್ರೆ ಇದು!" ಎಂದು ಫಾರಮ್ಮಿಗೆ ಪಟಪಟನೆ ಸಹಿ ಹಾಕಿದರು. ಟೈಲರ್ ಟ್ಯಾಂಕಿನ ಬೀಗದಕೈ ತಂದು ಅವನ ಕೈಗಿಟ್ಟ. "ನಾಳೆ ಏಳು ಗಂಟೆಗೆ ತೊಳೆಯೋರು ಬರ್ತಾರೆ ಸಾರ್. ಸೆಕ್ರೆಟರಿ ನಿಂತು ಮಾಡಿಸ್ಬೇಕು."

"ಯಾಕೇ ಹಾಗೆ ಬರೆದೆ?" ಎಂದ ಗುಮಾಸ್ತ ಹೆಂಡತಿಗೆ.

"ಊರವರೆಲ್ಲ ನಿಮ್ಮನ್ನ ಎರಡನೇದಾಗಿ ಬರೀತಾರೆ ಅಂತ ನಾನೂ ಬರೀಬೇಕಾ? ಮರ್ಯಾದೆ ಬೇಡ್ವಾ?" ಎಂದವಳೇ ಸೂಟ್‌ಕೇಸು ಎತ್ತಿಕೊಂಡಳು. "ಒಂಬತ್ತು ವರ್ಷ ಕಾದಿದೀನಿ. ಇನ್ನೊಂದು ಚುನಾವಣೆವರೆಗೂ ಕಾಯಕ್ಕಾಗಲ್ಲ."

"ಇನ್ನೊಂದು ಟಿಕೆಟ್ ಯಾಕೆ ದಂಡ?" ಎನ್ನುತ್ತ ಅಜ್ಜಿ ಕೈಚೀಲ ಹಿಡಿದು ಮೂರು ಮಹಡಿಯನ್ನೂ ದಡದಡನೆ ಇಳಿದು ಬಂದರು. ಮೊಣಕಾಲಿನ ಸುದ್ದಿಯೇ ಇಲ್ಲ.

ಗೇಟು ದಾಟುವಾಗ ತಿರುಗಿ ನೋಡಿ ಹೇಳಿದರು: "ಮೂರು ದಿನ ಹೇಗೋ ಸುಧಾರಿಸ್ಕೋ ಮಗಾ."